ತಪಾಸಣೆ ಉಚಿತ, ಆ ದಿನದ ಕೂಲಿ?

ಉಚಿತ ಕ್ಯಾನ್ಸರ್ ತಪಾಸಣೆಗೆ ಹಳ್ಳಿಯ ಹೆಂಗಸರು ಬಾರದಿರಲು ಅರಿವಿನ ಕೊರತೆಯೇ ಕಾರಣ ಎಂಬ ಲೇಖನದ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು. ಮಾವಿನ ಸುಗ್ಗಿಯಲ್ಲಿ ದಿನದ ಕೂಲಿ ಬಿಟ್ಟು ಬನ್ನಿ ಎಂದು ಯಾವ ಬಾಯಲ್ಲಿ ಕರೆಯುವುದು?

30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿಯೇ ಇದೆ. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಎಲ್ಲಾದರೂ ಬೆಳ್ಳಗಾಗುತ್ತದೆಯೇ ಎಂದು ಬರಿಗಣ್ಣಿನಿಂದಲೇ ನೋಡುತ್ತಾರೆ. ದೊಡ್ಡ ಯಂತ್ರವೇನೂ ಬೇಡ. ಬೇಕಾದದ್ದು ತರಬೇತಿ ಪಡೆದ ನರ್ಸ್, ಬಾಗಿಲು ಮುಚ್ಚುವ ಒಂದು ಕೋಣೆ. ನಮ್ಮ ಚಿಕ್ಕಮ್ಮ ಶಿಬಿರದ ತನಕ ಹೋಗಿ, ಅಲ್ಲಿ ಪರದೆಯೂ ಇಲ್ಲದ್ದನ್ನು ಕಂಡು ಹಿಂದಿರುಗಿದರು. ಎರಡು ವರ್ಷದ ಮೇಲೆ ಬೆಂಗಳೂರಿಗೆ ಕರೆದೊಯ್ದಾಗ ಕಾಯಿಲೆ ಬಹಳ ಮುಂದುವರಿದಿತ್ತು. ಆ ಪರದೆಯ ನೆನಪು ನನ್ನನ್ನು ಇಂದಿಗೂ ಸುಡುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಅದು ನಮಗೆ ಆಸರೆಯಾಯಿತು. ಆದರೆ ಬಸ್ ಖರ್ಚು, ಜೊತೆಗೆ ಹೋದವರ ಕೂಲಿ ಯಾವ ಲೆಕ್ಕಕ್ಕೂ ಬರಲಿಲ್ಲ. ಸ್ತ್ರೀಶಕ್ತಿ ಸಂಘದ ಸಭೆ ಸೇರುವ ಸಂಜೆಯೇ ತಪಾಸಣೆ ಇಟ್ಟುಕೊಳ್ಳಲಿ. ಸಂಶಯ ಕಂಡವರನ್ನು ಚೀಟಿ ಕೊಟ್ಟು ಕಳುಹಿಸಿಬಿಡದೆ, ಜಿಲ್ಲಾಸ್ಪತ್ರೆಗೆ ವಾಹನದಲ್ಲಿ ಕರೆದೊಯ್ಯಲಿ.