ಸತ್ಯಾಂಶ: ಜಂಪ್ ರೇಸ್‌ಗೆ ಸೂಟು, ಹ್ಯಾಟು ಕಡ್ಡಾಯವೇ?

ಇಂಗ್ಲೆಂಡಿನ ರೇಸ್‌ಕೋರ್ಸಿಗೆ ಸೂಟು, ಟೈ ಇಲ್ಲದೆ ಹೋದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ ಎಂಬ ಸಂದೇಶ ಅಲ್ಲಿಗೆ ಹೊಸದಾಗಿ ಹೋದ ಕನ್ನಡಿಗರ ಗುಂಪುಗಳಲ್ಲಿ ಆಗಾಗ ಬರುತ್ತದೆ. ಜಂಪ್ ರೇಸ್ ಮಟ್ಟಿಗೆ ಇದು ತಪ್ಪು. ಕುದುರೆಗಳು ಬೇಲಿ ಹಾರಿ ಓಡುವ ಚೆಲ್ಟನ್‌ಹ್ಯಾಮ್, ಏಂಟ್ರಿ ರೇಸ್‌ಕೋರ್ಸುಗಳಲ್ಲಿ ಸಾಮಾನ್ಯ ಟಿಕೆಟ್‌ಗೆ ಅಂಥ ನಿಯಮವಿಲ್ಲ. ಗೊಂದಲದ ಮೂಲ ಬಹುಶಃ ಜೂನ್‌ನಲ್ಲಿ ನಡೆಯುವ ರಾಯಲ್ ಆಸ್ಕಟ್ ಎಂಬ ಕುದುರೆ ಓಟದ ಕೂಟ. ಅಲ್ಲಿನ ಓಟಗಳಲ್ಲಿ ಬೇಲಿಯೇ ಇರುವುದಿಲ್ಲ. ಅದರ ರಾಯಲ್ ಎನ್‌ಕ್ಲೋಷರ್‌ಗೆ (ಎನ್‌ಕ್ಲೋಷರ್ ಎಂದರೆ ಪ್ರೇಕ್ಷಕರಿಗೆ ಟಿಕೆಟ್ ಪ್ರಕಾರ ಬೇರ್ಪಡಿಸಿದ ಜಾಗ) ಮಾತ್ರ ಗಂಡಸರಿಗೆ ಟಾಪ್ ಹ್ಯಾಟ್ ಬೇಕು.

ಜಂಪ್ ರೇಸ್‌ನಲ್ಲಿ ಕಾಡುವುದು ಚಳಿ ಮತ್ತು ಕೆಸರು. ಮಾರ್ಚ್‌ನ ಚೆಲ್ಟನ್‌ಹ್ಯಾಮ್ ಗಾಳಿ ಮೂಳೆಗೇ ತಾಗುತ್ತದೆ. ಮೊನಚು ಹೀಲ್ ನೆನೆದ ಹುಲ್ಲಿನೊಳಗೆ ಪೂರ್ತಿ ಇಳಿದು, ಕಾಲೆತ್ತಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಆರೇಳು ಓಟಗಳಿಗೂ, ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪೆರೇಡ್ ರಿಂಗ್‌ನಿಂದ ಟ್ರ್ಯಾಕ್ ಅಂಚಿಗೆ ನಡೆಯಬೇಕು. ಹಾಗಾಗಿ ನೀರು ಹಿಡಿಯದ ಬೂಟು, ಎರಡು ಪದರ ಉಣ್ಣೆ, ಮಳೆಕೋಟು ತೊಡಿ. ಕೊಡೆ ಬೇಡ, ಹಿಂದಿನವರಿಗೆ ಓಟ ಕಾಣುವುದಿಲ್ಲ.

ಪರಿಶೀಲನೆ ಸುಲಭ. ಸಂದೇಶದಲ್ಲಿ ಕೋರ್ಸಿನ ಹೆಸರು, ದಿನಾಂಕ ಇವೆಯೇ ನೋಡಿ. ಟಿಕೆಟ್ ಮೇಲಿನ ಎನ್‌ಕ್ಲೋಷರ್ ಹೆಸರು ಓದಿ, ಆ ಕೋರ್ಸಿನ ಜಾಲತಾಣದಲ್ಲೇ ಉಡುಪಿನ ಪುಟ ತೆರೆಯಿರಿ. ಊಟದ ಖಾಸಗಿ ಕೊಠಡಿ ಕಾಯ್ದಿರಿಸಿದ್ದರೆ ಕೋರ್ಸಿಗೇ ಫೋನ್ ಮಾಡಿ ಕೇಳಿ.