ಸತ್ಯಾಂಶ: ಹೈಬ್ರಿಡ್ ಕಾರಿಗೆ ದಿನಾ ಚಾರ್ಜ್ ಹಾಕಬೇಕೇ?

"ಹೈಬ್ರಿಡ್ ಕಾರು ತಗೋಬೇಡಿ. ರಾತ್ರಿಯಿಡೀ ಚಾರ್ಜ್ ಹಾಕಬೇಕು, ಕರೆಂಟ್ ಹೋದರೆ ಬೆಳಿಗ್ಗೆ ಗಾಡಿ ಹೊರಡಲ್ಲ." ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಸಂದೇಶ ತಪ್ಪು. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಕಾರು.

ಹೈರೈಡರ್, ಇನ್ನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್ (ಮೋಟಾರಿನಿಂದಷ್ಟೇ ಸ್ವಲ್ಪ ದೂರ ಓಡಬಲ್ಲ) ಮಾದರಿಗಳಲ್ಲಿ ಚಾರ್ಜರ್ ಚುಚ್ಚುವ ಜಾಗವೇ ಇಲ್ಲ. ಪೆಟ್ರೋಲ್ ಹಾಕಿಸಿದರೆ ಸಾಕು. ಎಂಜಿನ್ನಿಂದ, ಬ್ರೇಕ್ ಹಿಡಿದಾಗ ಚಕ್ರದಿಂದ ಬ್ಯಾಟರಿ ತಾನೇ ತುಂಬುತ್ತದೆ. ದೇವರಾಯನದುರ್ಗದಿಂದ ಇಳಿಯುವಾಗ ಪಕ್ಕದಲ್ಲಿ ಕೂತವರು ಪರದೆ ನೋಡಲಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಬಾಣದ ಗುರುತು ಚಕ್ರದಿಂದ ಬ್ಯಾಟರಿ ಕಡೆಗೆ ಹೊರಳುತ್ತದೆ.

ಚಾರ್ಜ್ ಹಾಕುವುದು ಪ್ಲಗ್-ಇನ್ ಹೈಬ್ರಿಡ್ ಎಂಬ ಬೇರೆ ಬಗೆಗೆ. ಮೇಲೆ ಹೇಳಿದಂಥ ಮಾಮೂಲಿ ಹೈಬ್ರಿಡ್‌ನ ಬ್ಯಾಟರಿ ಸಾಮಾನ್ಯವಾಗಿ 2 ಯೂನಿಟ್‌ಗೂ ಕಡಿಮೆ ಹಿಡಿಯುತ್ತದೆ. ಪ್ಲಗ್-ಇನ್‌ನದು ಹೆಚ್ಚಾಗಿ 10ರಿಂದ 20 ಯೂನಿಟ್. ಚಾರ್ಜ್ ಖಾಲಿಯಾದರೂ ಅದು ನಿಲ್ಲಲ್ಲ, ಪೆಟ್ರೋಲಿನಲ್ಲಿ ಓಡುತ್ತದೆ. ಆದರೆ ಚಾರ್ಜ್ ಹಾಕದೆ ಓಡಿಸಿದರೆ ಭಾರದ ಬ್ಯಾಟರಿಯನ್ನು ಸುಮ್ನೆ ಹೊತ್ತು ತಿರುಗಿದಂತೆ. ಯುರೋಪಿನ ರಸ್ತೆಗಳಲ್ಲಿ ಇಂಥ ಕಾರುಗಳು ಬಿಡುವ ಇಂಗಾಲದ ಡೈಆಕ್ಸೈಡ್ ಲ್ಯಾಬ್ ಲೆಕ್ಕಕ್ಕಿಂತ ಸರಾಸರಿ 3.5 ಪಟ್ಟು ಇದೆ ಎಂದು ಯುರೋಪಿಯನ್ ಕಮಿಷನ್ 2024ರಲ್ಲಿ ಹೇಳಿತು. ಜನ ಸರಿಯಾಗಿ ಚಾರ್ಜ್ ಹಾಕದಿರುವುದೇ ಮುಖ್ಯ ಕಾರಣ.

ಮನೆಯಲ್ಲೇ ಪ್ಲಗ್ ಪಾಯಿಂಟ್ ಇದ್ದು, ದಿನದ ಓಡಾಟ ಊರೊಳಗೇ ಮುಗಿದರೆ ಪ್ಲಗ್-ಇನ್ ಲಾಭ ನಿಜ. ಆದರೆ ನಮ್ಮ ದೇಶದಲ್ಲಿ ಅದು ಸಿಗುವುದು ಹೆಚ್ಚಾಗಿ ದುಬಾರಿ ಕಾರುಗಳಲ್ಲೇ ಅಲ್ವಾ? ಕಾರನ್ನು ರಸ್ತೆ ಬದಿ ನಿಲ್ಲಿಸುವವರಿಗೆ ನಾನು ಮಾಮೂಲಿ ಹೈಬ್ರಿಡ್ಡನ್ನೇ ಹೇಳುತ್ತೇನೆ. ಅದರ ಉಳಿತಾಯ ಹೈವೇಗಿಂತ ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲೇ ಜಾಸ್ತಿ.