ಹಳೇ .32ರ ಸಿಲಿಂಡರ್‌ಗೆ ಕೈ ಹಾಕಬೇಡಿ

ಇಲ್ಲಿ ಅಮೆರಿಕದಲ್ಲಿರುವ ನನ್ನ ಗೆಳೆಯರೊಬ್ಬರಿಗೆ ಒಂದು ಸ್ಮಿತ್ ಅಂಡ್ ವೆಸ್ಸನ್ ಕೆ-32 ರಿವಾಲ್ವರ್ ಸಿಕ್ಕಿದೆ. .32 ಅಂದರೆ ಅದರ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ. ಅದರ ತಿರುಗುವ ಸಿಲಿಂಡರ್‌ನ ಚೇಂಬರ್‌ಗಳನ್ನು (ಒಂದೊಂದು ಗುಂಡು ಕೂರುವ ತೂತುಗಳನ್ನು) ಕೊರೆಸಿ, ಇನ್ನೂ ಜೋರಿನ .32 ಮ್ಯಾಗ್ನಮ್ ಹಾರಿಸುವ ಹಾಗೆ ಮಾಡಿಸಬೇಕು ಅಂತ ಅವರ ಆಸೆ. ಏನಂತೀಯ ಅಂತ ಕೇಳಿದರು. ದಯವಿಟ್ಟು ಬೇಡ ಅಂದೆ. ಫೋನಿನಲ್ಲಿ ಕಾರಣವೆಲ್ಲ ಹೇಳಲು ಆಗಲಿಲ್ಲ. ಇದೇ ಪ್ರಶ್ನೆ ಬೇರೆಯವರಿಗೂ ಇರುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕೆ-32 ಏನು ಅಂತ ಹೇಳುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸ್ಮಿತ್ ಅಂಡ್ ವೆಸ್ಸನ್ ಕಂಪನಿ ಗುರಿ ಸ್ಪರ್ಧೆಯವರಿಗಾಗಿ ಮೂರು ರಿವಾಲ್ವರ್ ಮಾಡಿತು. ಕೆ-22, ಕೆ-32, ಕೆ-38. ಮೂರಕ್ಕೂ ಮಾಸ್ಟರ್‌ಪೀಸ್ ಅಂತ ಹೆಸರು. ಮೂರರ ಫ್ರೇಮ್, ಅಂದರೆ ಮೈಕಟ್ಟು, ಒಂದೇ. ಅದಕ್ಕೆ ಕೆ ಫ್ರೇಮ್ ಅಂತಾರೆ. ಆದರೆ ಬ್ಯಾರೆಲ್‌ನ ತೂತು ಚಿಕ್ಕದಾದಷ್ಟೂ ಉಕ್ಕು ಜಾಸ್ತಿ ಉಳಿಯುತ್ತದೆ, ತೂಕ ಏರುತ್ತದೆ. ಅದನ್ನು ಸರಿದೂಗಿಸಲು ಬ್ಯಾರೆಲ್ ಮೇಲಿನ ಪಟ್ಟಿಯ ಅಗಲವನ್ನು ಒಂದೊಂದಕ್ಕೆ ಒಂದೊಂದು ಥರ ಮಾಡಿದರು. ಗುಂಡು ತುಂಬಿದಾಗ ಮೂರೂ ಹೆಚ್ಚುಕಡಿಮೆ ಒಂದೇ ತೂಕ ಬರಬೇಕು, ಸ್ಪರ್ಧಿ ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿಕೊಂಡರೆ ಕೈಗೆ ವ್ಯತ್ಯಾಸ ತಿಳಿಯಬಾರದು. ಅಷ್ಟು ಯೋಚಿಸಿ ಮಾಡಿದ ವಸ್ತು ಅದು. ಕೆ-22 ಮತ್ತು ಕೆ-38 ರಾಶಿ ರಾಶಿ ಮಾರಾಟವಾದವು. ಕೆ-32 ಕೇಳುವವರು ಕಡಿಮೆ. 1957ರ ನಂತರ ಅದಕ್ಕೆ ಮಾಡೆಲ್ 16 ಅಂತ ನಂಬರ್ ಬಂತು, 1970ರ ದಶಕದ ಮೊದಲ ಭಾಗದಲ್ಲಿ ನಿಂತೇ ಹೋಯಿತು. ಅದಕ್ಕೇ ಇವತ್ತು ಸಂಗ್ರಹಕಾರರು ಅದನ್ನು ಹುಡುಕುತ್ತಾರೆ.

ನನ್ನ ಗೆಳೆಯರ ವಾದವನ್ನು ಸುಮ್ನೆ ತಳ್ಳಿಹಾಕುವುದಿಲ್ಲ. .32 ಮ್ಯಾಗ್ನಮ್ ಅಂದರೆ 1984ರಲ್ಲಿ ಹ್ಯಾರಿಂಗ್ಟನ್ ಅಂಡ್ ರಿಚರ್ಡ್ಸನ್ ಮತ್ತು ಫೆಡರಲ್ ಕಂಪನಿಗಳು ಸೇರಿ ತಂದ ಕಾರ್ಟ್ರಿಜ್ (ಕೇಸಿನೊಳಗೆ ಮದ್ದು, ತುದಿಯಲ್ಲಿ ಗುಂಡು ಇರುವ ತೋಟಾ). ಕೆ-32ಕ್ಕೆ ತುಂಬುವ ಹಳೇ .32 ಲಾಂಗ್‌ನ ದಪ್ಪವೇ, ಉದ್ದ ಮಾತ್ರ ಸ್ವಲ್ಪ ಜಾಸ್ತಿ. ಚೇಂಬರನ್ನು ಆ ಸ್ವಲ್ಪ ಉದ್ದ ಮಾಡಿದರೆ ಸಾಕು. ಕೆ ಫ್ರೇಮ್ ಗಟ್ಟಿಯಾಗಿದೆ, ಹಿಂದೆ ಕೆಲವರು ಮಾಡಿಸಿಯೂ ಇದ್ದಾರೆ. ಹಳೇ ಪುಟ್ಟ ಜೇಬಿನ ರಿವಾಲ್ವರ್‌ಗಳ ವಿಷಯ ಬೇರೆ, ಅವುಗಳಲ್ಲಿ ಇದು ನಿಜಕ್ಕೂ ಅಪಾಯ. .32 ಲಾಂಗ್‌ನ ಒತ್ತಡದ ಮಿತಿ 15,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕ). ಮ್ಯಾಗ್ನಮ್ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ನೂರು ವರ್ಷದ ಹಿಂದಿನ ಸಣ್ಣ ಫ್ರೇಮಿಗೆ ಅದನ್ನು ತಡೆದುಕೊಳ್ಳುವ ಕಸುವು ಇಲ್ಲ. ಆದರೆ ಕೆ-32 ವಿಷಯದಲ್ಲಿ ನನ್ನ ತಕರಾರು ಸುರಕ್ಷತೆಯದಲ್ಲ. ಕೊರೆದ ಉಕ್ಕು ವಾಪಸ್ ಬರುವುದಿಲ್ಲ. ಇರುವುದೇ ಕೆಲವು, ಅದರಲ್ಲಿ ಒಂದು ಕಮ್ಮಿ ಆಗುತ್ತದೆ. ಯಾತಕ್ಕೋಸ್ಕರ? ಅಂಗಡಿಯಲ್ಲಿ ಸಲೀಸಾಗಿ ಸಿಗುವ ಶಕ್ತಿಗೋಸ್ಕರ.

ನಿಜವಾಗಲೂ ಸಿಗುತ್ತದೆ. 2007ರಲ್ಲಿ .327 ಫೆಡರಲ್ ಮ್ಯಾಗ್ನಮ್ ಎಂಬ ಕಾರ್ಟ್ರಿಜ್ ಬಂತು. ಅದರ ಒತ್ತಡದ ಮಿತಿ 45,000 ಪಿಎಸ್‌ಐ. ಅದಕ್ಕೆಂದು ಮಾಡಿದ ರಿವಾಲ್ವರ್‌ನಲ್ಲಿ .32 ಮ್ಯಾಗ್ನಮ್ ಹಾರಿಸಬಹುದು, .32 ಲಾಂಗ್ ಹಾರಿಸಬಹುದು, ಅದಕ್ಕೂ ಹಿಂದಿನ ಗಿಡ್ಡ .32 ಕೂಡ ಹಾರಿಸಬಹುದು. ರೂಗರ್ ಕಂಪನಿ ಇದಕ್ಕಾಗಿ ಎಸ್‌ಪಿ101 ಮಾಡಿದೆ, ಏಳು ಗುಂಡಿನ ಸಿಂಗಲ್ ಸೆವೆನ್ ಮಾಡಿದೆ. ನಾಲ್ಕು ಕಾರ್ಟ್ರಿಜ್‌ಗೆ ಒಂದೇ ಗನ್ ಇರುವಾಗ ಹಳೇ ಮಾಸ್ಟರ್‌ಪೀಸ್ ಯಾಕೆ ಕೊರೆಯಬೇಕು? ಅಜ್ಜಿಯ ಕಾಸಿನ ಸರ ಕರಗಿಸಿ ಪೇಟೆಯ ಚೈನ್ ಮಾಡಿಸಿಕೊಂಡ ಹಾಗೆ ಆಗುತ್ತದೆ ಅದು.

.32 ಅಂದರೆ ನಮ್ಮವರಲ್ಲಿ ತುಂಬಾ ಜನಕ್ಕೆ ಪರಿಚಯ ಇದ್ದೇ ಇದೆ. ಊರಲ್ಲಿ ಲೈಸೆನ್ಸ್ ರಿವಾಲ್ವರ್ ಅಂದರೆ .32 ಅಂತಲೇ ಅರ್ಥ. ಸೇನೆಯ, ಪೊಲೀಸರ ಬೋರುಗಳನ್ನು (ಅವರ ಗುಂಡಿನ ಅಳತೆಯ ಗನ್‌ಗಳನ್ನು) ಭಾರತದಲ್ಲಿ ಸಾಮಾನ್ಯ ಜನರಿಗೆ ಕೊಡುವುದಿಲ್ಲ, ಹಾಗಾಗಿ ಇದೇ ಉಳಿದುಕೊಂಡಿತು. ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆಯ ರಿವಾಲ್ವರ್, 2014ರಲ್ಲಿ ಅಲ್ಲೇ ಹೆಣ್ಣುಮಕ್ಕಳಿಗೆಂದು ಹಗುರ ಲೋಹದಲ್ಲಿ ಮಾಡಿದ ನಿರ್ಭೀಕ್, ಎಲ್ಲವೂ .32. ಅದಕ್ಕೆ ತುಂಬುವುದು ಇದೇ .32 ಲಾಂಗ್. ಸ್ಮಿತ್ ಅಂಡ್ ವೆಸ್ಸನ್ 1896ರಲ್ಲಿ ಹ್ಯಾಂಡ್ ಇಜೆಕ್ಟರ್ ಎಂಬ ರಿವಾಲ್ವರ್ ಜೊತೆ ಹೊರತಂದ ಕಾರ್ಟ್ರಿಜ್ ಅದು. ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಆ ಕಂಪನಿಯ ಮೊದಲ ರಿವಾಲ್ವರ್ ಕೂಡ ಅದೇ. ಕೋಲ್ಟ್ ಕಂಪನಿಗೆ ಎದುರಾಳಿಯ ಹೆಸರನ್ನು ತನ್ನ ಬ್ಯಾರೆಲ್ ಮೇಲೆ ಕೆತ್ತಲು ಮನಸ್ಸಿರಲಿಲ್ಲ. ಗುಂಡಿನ ತುದಿಯನ್ನು ಸ್ವಲ್ಪ ಚಪ್ಪಟೆ ಮಾಡಿ .32 ಕೋಲ್ಟ್ ನ್ಯೂ ಪೊಲೀಸ್ ಅಂತ ಮಾರಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ 1896ರಲ್ಲಿ ನ್ಯೂಯಾರ್ಕ್ ಪೊಲೀಸ್ ಮಂಡಳಿಯ ಮುಖ್ಯಸ್ಥರಾಗಿದ್ದರು. ಆಗ ಅಲ್ಲಿನ ಪೊಲೀಸರ ಕೈಗೆ ಅವರು ಕೊಡಿಸಿದ್ದು ಕೋಲ್ಟ್‌ನ .32 ರಿವಾಲ್ವರನ್ನೇ. ಸೆಂಟರ್ ಫೈರ್ (ತೋಟಾದ ತಳದ ನಡುವೆ ಹೊಡೆತ ಬೀಳುವ) ಪಿಸ್ತೂಲ್ ಸ್ಪರ್ಧೆಯಲ್ಲಿ ಇವತ್ತಿಗೂ .32 ಲಾಂಗ್ ಬಳಸುವವರು ಬೇಕಾದಷ್ಟು ಜನ ಇದ್ದಾರೆ. ಹಿಮ್ಮೆಟ್ಟು ಕಡಿಮೆ, ಗುರಿ ಖಚಿತ. "ಅದೇನು ಸಣ್ಣ ಗುಂಡು" ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಹಾಗಂತ ಯಾವ ಬದಲಾವಣೆಯೂ ಬೇಡ ಅನ್ನುವವನು ನಾನಲ್ಲ. ಇದನ್ನು ಬಿಡಿಸಿ ಹೇಳಬೇಕು. ನನಗೆ ತುಂಬಾ ಇಷ್ಟದ ಒಂದು ರಿವಾಲ್ವರ್ ಹುಟ್ಟಿದ್ದೇ ಇಂಥ ಬದಲಾವಣೆಯ ಹುಚ್ಚಿನಿಂದ.

1950ರ ದಶಕದಲ್ಲಿ ಕನೆಕ್ಟಿಕಟ್‌ನ ಲೇಕ್‌ವಿಲ್‌ನಲ್ಲಿ ಜಿಮ್ ಹಾರ್ವಿ ಅಂತ ಒಬ್ಬರಿದ್ದರು. .22 ಹಾರ್ನೆಟ್ ಅನ್ನುವ ರೈಫಲ್ ಕಾರ್ಟ್ರಿಜ್ ಅನ್ನು ಮೋಟು ಮಾಡಿ ಕೇ-ಚಕ್ ಎಂಬ ಹೊಸ ಕಾರ್ಟ್ರಿಜ್ ಮಾಡಿದರು. ಅದಕ್ಕೆ ತಕ್ಕಂತೆ ಕೆ-22 ರಿವಾಲ್ವರ್‌ಗಳನ್ನು ಮಾರ್ಪಡಿಸಿ ಕೊಡುತ್ತಿದ್ದರು. ಕೈಯಲ್ಲಿ ಹಿಡಿಯುವ .22ರಿಂದ ರೈಫಲ್‌ನಂಥ ವೇಗ ಬೇಕು ಅನ್ನುವವರು ಇದ್ದಾರೆ ಅಂತ ದೊಡ್ಡ ಕಂಪನಿಗಳಿಗೂ ಗೊತ್ತಾಯಿತು. 1961ರಲ್ಲಿ ರೆಮಿಂಗ್ಟನ್ ಮತ್ತು ಸ್ಮಿತ್ ಅಂಡ್ ವೆಸ್ಸನ್ ಸೇರಿ .22 ಜೆಟ್ ಎಂಬ ಕಾರ್ಟ್ರಿಜ್ ತಂದವು. .357 ಮ್ಯಾಗ್ನಮ್‌ನ ಕೇಸನ್ನು .22ರ ಗುಂಡಿಗೆ ತಕ್ಕ ಹಾಗೆ ಕತ್ತು ಹಿಸುಕಿ ಕಿರಿದು ಮಾಡಿದ್ದು. ಅದನ್ನು ಹಾರಿಸಲು ಮಾಡೆಲ್ 53 ಎಂಬ ರಿವಾಲ್ವರ್ ಬಂತು.

ಮಾಡೆಲ್ 53 ಕೈಗೆ ತೆಗೆದುಕೊಂಡರೆ ಮೊದಲು ನೋಡಬೇಕಾದ್ದು ಹ್ಯಾಮರ್, ಅಂದರೆ ಹಿಂದಿನ ಪುಟ್ಟ ಸುತ್ತಿಗೆ. ಅದರಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಫ್ರೇಮಿನಲ್ಲಿ ಫೈರಿಂಗ್ ಪಿನ್ (ತೋಟಾದ ತಳಕ್ಕೆ ಹೊಡೆಯುವ ಮೊಳೆ) ಎರಡು. ಒಂದು ನಡುವೆ ಹೊಡೆಯುತ್ತದೆ, ಅದು ಜೆಟ್‌ಗೆ. ಇನ್ನೊಂದು ಅಂಚಿಗೆ ಹೊಡೆಯುತ್ತದೆ, ಅದು ಸಾಮಾನ್ಯ .22ಕ್ಕೆ. ಜೊತೆಗೆ ಉಕ್ಕಿನ ಆರು ಕೊಳವೆ ಬರುತ್ತಿದ್ದವು. ಅವನ್ನು ಚೇಂಬರ್‌ಗಳೊಳಗೆ ಕೂರಿಸಿದರೆ ಅದೇ ರಿವಾಲ್ವರ್‌ನಲ್ಲಿ ಆ ಸಾಮಾನ್ಯ .22, ಅಂದರೆ .22 ಲಾಂಗ್ ರೈಫಲ್ ಎಂಬ ಕಾರ್ಟ್ರಿಜ್, ಹಾರಿಸಬಹುದು. ತೆಗೆದರೆ ಮತ್ತೆ ಜೆಟ್. ಮಾರ್ಪಾಡು ಅಂದರೆ ಹೀಗಿರಬೇಕು ಅನ್ನಿಸುತ್ತದೆ ನನಗೆ. ಏನನ್ನೂ ಕೊರೆಯದೆ, ಏನನ್ನೂ ಕತ್ತರಿಸದೆ, ಎರಡು ಗನ್ ಒಂದರಲ್ಲಿ.

ಅದಕ್ಕೆ ಒಂದು ದೊಡ್ಡ ದೋಷ ಇತ್ತು. ಜೆಟ್‌ನ ಕೇಸು ಉದ್ದಕ್ಕೂ ಇಳಿಜಾರು. ಹೊಡೆದಾಗ ಅದು ಚೇಂಬರಿನ ಗೋಡೆ ಹಿಡಿದು ನಿಲ್ಲದೆ ಹಿಂದಕ್ಕೆ ಸರಿದು ಫ್ರೇಮಿಗೆ ಒತ್ತಿಕೊಳ್ಳುತ್ತಿತ್ತು. ಸಿಲಿಂಡರ್ ತಿರುಗದೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಚೇಂಬರ್‌ನಲ್ಲಿ ಸ್ವಲ್ಪ ಎಣ್ಣೆ ಉಳಿದಿದ್ದರೂ ಸಾಕು, ಇನ್ನೂ ಜಾಸ್ತಿ. ಜನ ಬೇಸತ್ತರು, 1974ರ ಹೊತ್ತಿಗೆ ಕಂಪನಿ ನಿಲ್ಲಿಸಿತು. ಆ ದೋಷವೂ ಆ ಗನ್ನಿನ ಭಾಗ ಅಂತ ನಾನು ನಂಬುತ್ತೇನೆ. ಚೇಂಬರ್ ಒಣಗಿಸಿ, ಎಣ್ಣೆಯ ಪಸೆ ಇಲ್ಲದ ಹಾಗೆ ಒರೆಸಿ, ತಾಳ್ಮೆಯಿಂದ ಹಾರಿಸುವವರಿಗೆ ಅದು ಇವತ್ತಿಗೂ ಖುಷಿ ಕೊಡುತ್ತದೆ. ಅಂಥದ್ದರ ಸಿಲಿಂಡರ್ ಬದಲಿಸಿ, ಜೊತೆಗೆ ಬಂದ ಕೊಳವೆಗಳನ್ನು ಎಲ್ಲೋ ಕಳೆದು ಮಾರುತ್ತಾರೆ. ಕೊಳವೆ ಇಲ್ಲದ ಮಾಡೆಲ್ 53 ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಹಾರ್ವಿ ಮಾಡಿದ್ದು ಸರಿ, ನನ್ನ ಗೆಳೆಯರು ಮಾಡುವುದು ತಪ್ಪೇ? ಹೌದು, ನನ್ನ ಪ್ರಕಾರ ಹಾಗೇ. ಹಾರ್ವಿ ಕೈ ಹಾಕಿದ ಕೆ-22 ಆಗ ಕಂಪನಿ ಇನ್ನೂ ಮಾಡುತ್ತಿದ್ದ, ಎಲ್ಲೆಂದರಲ್ಲಿ ಸಿಗುತ್ತಿದ್ದ ಗನ್. ಅವರು ಇಲ್ಲದ್ದನ್ನು ಹುಟ್ಟಿಸಿದರು. ಹಾರ್ವಿಯ ಕೈಯಿಂದ ಬಂದ ಕೇ-ಚಕ್ ರಿವಾಲ್ವರ್ ಯಾರ ಹತ್ತಿರವಾದರೂ ಇದ್ದರೆ ಅದನ್ನೂ ಹಾಗೇ ಉಳಿಸಿ ಅನ್ನುತ್ತೇನೆ. ಅದನ್ನು ಮತ್ತೆ ಮಾಮೂಲಿ ಕೆ-22 ಮಾಡಲು ಹೋಗಬೇಡಿ.

ಇನ್ನೊಂದು ವಿಷಯ ಪಾಲಿಶ್. ಕೊರೆಯುವುದಕ್ಕಿಂತ ಇದು ಹಾಳು ಮಾಡಿದ್ದೇ ಜಾಸ್ತಿ. ಏನು ಹಾಳಾಗುತ್ತದೆ ಅಂತ ತಿಳಿಯಲು ಒಂದು ಹಳೇ ಕಥೆ ಕೇಳಿ.

1855ರ ಏಪ್ರಿಲ್ 3ರಂದು ರೋಲಿನ್ ವೈಟ್ ಎಂಬಾತನಿಗೆ ಒಂದು ಪೇಟೆಂಟ್ ಸಿಕ್ಕಿತು. ಸಿಲಿಂಡರ್‌ನ ತೂತು ಹಿಂದಿನಿಂದ ಮುಂದಕ್ಕೆ ಪೂರ್ತಿ ತೂರಿರಬೇಕು, ಹಿಂದಿನಿಂದಲೇ ಕಾರ್ಟ್ರಿಜ್ ತುಂಬಬೇಕು ಅನ್ನುವುದು ಅದರೊಳಗಿದ್ದ ವಿಷಯ. ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸ್ಸನ್ ಅದನ್ನು ರಿವಾಲ್ವರ್‌ಗೆ 25 ಸೆಂಟ್ ಲೆಕ್ಕದಲ್ಲಿ ಪಡೆದರು. 1857ರಲ್ಲಿ ತಮ್ಮ ಮಾಡೆಲ್ 1 ತಂದರು. ಪುಟ್ಟ .22, ಏಳು ಗುಂಡು. ಪೇಟೆಂಟ್ ಮುಗಿಯುವ 1869ರವರೆಗೆ ಬೇರೆ ಯಾರೂ ಆ ಥರ ಮಾಡುವ ಹಾಗಿಲ್ಲ. ಮಾಡಿದವರು ಕೋರ್ಟು ಹತ್ತಬೇಕಾಯಿತು. ಸೋತ ಕೆಲವು ಕಂಪನಿಗಳು ತಾವು ಆಗಲೇ ಮಾಡಿಟ್ಟಿದ್ದ ರಿವಾಲ್ವರ್‌ಗಳ ಮೇಲೆ "ಸ್ಮಿತ್ ಅಂಡ್ ವೆಸ್ಸನ್‌ಗಾಗಿ ತಯಾರಿಸಿದ್ದು" ಅಂತ ಮುದ್ರೆ ಒತ್ತಬೇಕಾಯಿತು. ಬ್ರೂಕ್ಲಿನ್‌ನ ಮೂರ್ ಕಂಪನಿಗೂ ಇದೇ ಗತಿ. ಅವರು ಅಲ್ಲಿಗೇ ಬಿಡಲಿಲ್ಲ. ಹಿಂದಿನಿಂದ ತುಂಬಿದರೆ ತಾನೇ ಪೇಟೆಂಟ್? ಮುಂದಿನಿಂದ ತುಂಬುವ .32 ಕಾರ್ಟ್ರಿಜ್ ಮಾಡಿದರು. ಅದರ ತಳದಲ್ಲಿ ಮೊಲೆತೊಟ್ಟಿನಂಥ ಒಂದು ಪುಟ್ಟ ಉಬ್ಬು. ಅದು ಸಿಲಿಂಡರ್‌ನ ಹಿಂದಿನ ಕಿರು ತೂತಿನಿಂದ ಇಣುಕುತ್ತದೆ, ಹ್ಯಾಮರ್ ಬಂದು ಅದಕ್ಕೆ ಹೊಡೆಯುತ್ತದೆ. ಪೇಟೆಂಟ್ ಇರದಿದ್ದರೆ ಇಂಥ ವಿಚಿತ್ರ ಹುಟ್ಟುತ್ತಲೇ ಇರಲಿಲ್ಲ.

ಈ ಕಥೆಯೆಲ್ಲ ಇರುವುದು ಎಲ್ಲಿ? ಬ್ಯಾರೆಲ್ ಮೇಲೆ ತೆಳ್ಳಗೆ ಒತ್ತಿದ ಆ ಅಕ್ಷರಗಳಲ್ಲಿ. ಬಫಿಂಗ್ ಚಕ್ರಕ್ಕೆ ಹಿಡಿದರೆ ಮೊದಲು ಹೋಗುವುದೂ ಅವೇ. ಹೊಸ ನಿಕಲ್ ಹಾಕಿಸಿ, ಕನ್ನಡಿಯ ಹಾಗೆ ಹೊಳೆಸಿ, ಪೇಟೆಂಟ್ ತಾರೀಖು ಓದಲೂ ಬಾರದ ಹಾಗೆ ಮಾಡಿ ಮಾರುತ್ತಾರೆ. ಹಳೇ ಉಕ್ಕಿನ ಕಂದು ಬಣ್ಣವನ್ನು ತುಕ್ಕು ಅಂತ ತಿಳಿದು ಉಜ್ಜುತ್ತಾರೆ. ಹಿಡಿಕೆಯ ಸವೆತ, ಅಂಚುಗಳ ಬೂದು ಬಣ್ಣ, ಅದೆಲ್ಲ ಗನ್ನಿನ ಆಯುಸ್ಸು ಅಲ್ವಾ? ಎಣ್ಣೆ ಹಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತುಕ್ಕು ಮುಂದುವರಿಯದಂತೆ ನೋಡಿಕೊಂಡರೆ ಸಾಕು.

ಬದಲಾವಣೆ ಬೇಕೇ ಬೇಕಾದ ಜಾಗವೂ ಇದೆ. 1953ರ ರೂಗರ್ ಸಿಂಗಲ್ ಸಿಕ್ಸ್ ತೆಗೆದುಕೊಳ್ಳಿ. ಹಳೇ ವಿನ್ಯಾಸದಲ್ಲಿ ಗುಂಡಿರುವ ಚೇಂಬರಿನ ಮೇಲೆ ಹ್ಯಾಮರ್ ಇಳಿಸಿಟ್ಟರೆ, ಬಿದ್ದಾಗ ಗುಂಡು ಹಾರುವ ಅಪಾಯ ಇದೆ. ಆರರ ಸಿಲಿಂಡರ್‌ಗೆ ಐದೇ ತುಂಬಬೇಕು. 1973ರಲ್ಲಿ ಕಂಪನಿ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರ್‌ನ ಹೊಡೆತವನ್ನು ಪಿನ್‌ಗೆ ದಾಟಿಸುವ ಪಟ್ಟಿ) ಇರುವ ಹೊಸ ಮಾದರಿ ತಂದಿತು. ಹಳೆಯದನ್ನು ಕಳಿಸಿದರೆ ಉಚಿತವಾಗಿ ಸುರಕ್ಷಿತ ಮಾಡಿಕೊಡುವ ವ್ಯವಸ್ಥೆಯನ್ನೂ ಆಮೇಲೆ ಮಾಡಿತು. ತೆಗೆದ ಹಳೇ ಭಾಗಗಳನ್ನು ಗನ್ನಿನ ಜೊತೆಗೇ ವಾಪಸ್ ಕಳಿಸುತ್ತಾರೆ. ಅದು ನನಗೆ ತುಂಬಾ ಮೆಚ್ಚುಗೆಯಾದ ಮಾತು. ಜೀವ ಮೊದಲು, ಆದರೆ ಹಳೆಯದು ಎಸೆಯಬೇಕಿಲ್ಲ. ಹಾರಿಸುವ ಗನ್ ಆದರೆ ಮಾಡಿಸಿಕೊಳ್ಳಿ, ಆ ಭಾಗಗಳ ಪೊಟ್ಟಣವನ್ನು ಜೋಪಾನವಾಗಿಡಿ. ಹಿಡಿಕೆ ಬದಲಿಸುವವರಿಗೂ ಇದನ್ನೇ ಹೇಳುತ್ತೇನೆ.

ಕಾನೂನು ಕೂಡ ಒಂದು ಮಟ್ಟಿಗೆ ನನ್ನ ಕಡೆಗೇ ಇದೆ. ಅಮೆರಿಕದಲ್ಲಿ 50 ವರ್ಷ ದಾಟಿದ ಗನ್‌ಗಳಿಗೆ ಕ್ಯೂರಿಯೊ ಅಂಡ್ ರೆಲಿಕ್ ಅಂತ ಒಂದು ವರ್ಗ ಇದೆ, ಸಂಗ್ರಹಕಾರರಿಗೆ ಪ್ರತ್ಯೇಕ ಲೈಸೆನ್ಸ್ ಇದೆ. ಬರೀ ವಯಸ್ಸಿನ ಲೆಕ್ಕದಲ್ಲಿ ಆ ವರ್ಗಕ್ಕೆ ಸೇರಬೇಕಾದರೆ ಗನ್ ಮೂಲ ರೂಪದಲ್ಲೇ ಇರಬೇಕು. 1898 ಅಥವಾ ಅದಕ್ಕೂ ಮೊದಲು ತಯಾರಾದವು ಕೇಂದ್ರ ಕಾನೂನಿನಲ್ಲಿ ಆಂಟಿಕ್. ರಾಜ್ಯದ ಕಾನೂನು ಬೇರೆ ಇರಬಹುದು, ನೋಡಿಕೊಳ್ಳಿ.

ಹೊಸದಾಗಿ ಬಂದ ಕನ್ನಡಿಗ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಎಚ್-1ಬಿ ಥರದ ವೀಸಾದಲ್ಲಿ ಇದ್ದರೆ, ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಗನ್ ಇಟ್ಟುಕೊಳ್ಳುವುದೇ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಈ ತಡೆ ಇಲ್ಲ. ಅಷ್ಟರವರೆಗೆ ಮ್ಯೂಸಿಯಂ ನೋಡಿ, ಓದಿ, ತಿಳಿದವರ ಜೊತೆ ಮಾತಾಡಿ. ಊರಿನಲ್ಲಿರುವವರಿಗೂ ಹೇಳುತ್ತೇನೆ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಗನ್ ಮಾರ್ಪಡಿಸುವುದಿರಲಿ, ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಗನ್‌ಗಳು ಮೂರರಿಂದ ಎರಡಕ್ಕೆ ಇಳಿದಿವೆ. ಅಜ್ಜನ ಕಾಲದ .32 ಮನೆಯಲ್ಲಿದ್ದರೆ ಲೈಸೆನ್ಸ್ ಕಾಗದ ಸರಿ ಮಾಡಿಸಿ, ಸುಮ್ನೆ ಯಾರೋ ಮೆಕ್ಯಾನಿಕ್ ಕೈಗೆ ಕೊಡಬೇಡಿ.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ಸ್ಮಿತ್ ಅಂಡ್ ವೆಸ್ಸನ್ ಹಿಸ್ಟಾರಿಕಲ್ ಫೌಂಡೇಶನ್‌ಗೆ ಸೀರಿಯಲ್ ನಂಬರ್ ಬರೆದು ಶುಲ್ಕ ಕಟ್ಟಿದರೆ, ಆ ರಿವಾಲ್ವರ್ ಕಾರ್ಖಾನೆಯಿಂದ ಯಾವಾಗ ಹೊರಟಿತು, ಯಾರಿಗೆ ಹೋಯಿತು, ಆಗ ಹೇಗಿತ್ತು ಅಂತ ಹಳೇ ದಾಖಲೆ ನೋಡಿ ಪತ್ರ ಕೊಡುತ್ತಾರೆ. ಗನ್‌ಸ್ಮಿತ್‌ಗೆ ಕೊಡುವ ದುಡ್ಡಿನಲ್ಲಿ ಮೊದಲು ಅದನ್ನು ತರಿಸಿ. .32 ಲಾಂಗ್‌ನ ವಾಡ್‌ಕಟರ್ (ಕಾಗದದಲ್ಲಿ ದುಂಡಗೆ ತೂತು ಮಾಡುವ ಚಪ್ಪಟೆ ಮೂತಿಯ ಗುಂಡು) ಒಂದು ಡಬ್ಬಿ ತನ್ನಿ, 25 ಗಜಕ್ಕೆ ಒಂದು ಕಾಗದ ಹಾಕಿ ಹಾರಿಸಿ ನೋಡಿ. ಆಮೇಲೂ ಮ್ಯಾಗ್ನಮ್ಮೇ ಬೇಕು ಅನ್ನಿಸಿದರೆ ಆ ಕೆ-32 ಅನ್ನು ಅದರ ಬೆಲೆ ಗೊತ್ತಿರುವವರಿಗೆ ಮಾರಿ, ಆ ದುಡ್ಡಿನಲ್ಲಿ .327 ಕೊಳ್ಳಿ.